ದುಷ್ಟ ದೊರೆಯ ತೊಟ್ಟಿಲು

ನಮ್ಮ ಅತ್ತೆಗೆ ಒಳ್ಳೆಯವರನ್ನು ಕಂಡರೆ ಆಗುವುದಿಲ್ಲ. ಹೀಗೆಂದ ಕೂಡಲೇ ನೀವು ಆಕೆಯನ್ನು ಕೆಟ್ಟವಳೆಂದು ತಿಳಿದರೆ ಆಕೆಗೇನೂ ಬೇಸರವಿಲ್ಲ, ಖುಷಿಯೇ ಆದೀತು. ಆದರೆ ನಾನು ಹೇಳುತ್ತಿರುವುದು ಪುಸ್ತಕದೊಳಗಿನ ಒಳ್ಳೆಯವರ ಸಂಗತಿ. ಕಾವ್ಯವಿರಲಿ, ಪುರಾಣವಿರಲಿ, ಟಿ.ವಿ. ಧಾರಾವಾಹಿಯೇ ಇರಲಿ, ನಾಯಕ ಬಂದನೆಂದರೆ ಆಕೆ ಮುಖ ಸಿಂಡರಿಸುತ್ತಾಳೆ. ಖಳ ಬಂದನೋ, ಸೆರಗು ಸರಿಮಾಡಿಕೊಂಡು ಮುಂದಕ್ಕೆ ಸರಿದು ಕೂರುತ್ತಾಳೆ. ಹಾವೇರಿ ಜಿಲ್ಲೆಯಲ್ಲಿ ರಾಕ್ಷಸರಿಗೆಂದು ಒಂದು ಸಂಘ ಇದ್ದಿದ್ದರೆ ಅದಕ್ಕೆ ಅವಿರೋಧವಾಗಿ ಆಯ್ಕೆಯಾಗುವ ಅಧ್ಯಕ್ಷೆ ಈಕೆಯೇ.

ಆಕೆಯ ಹೆಸರು ಹೇಳುವ ಧೈರ್ಯ ನನಗಿಲ್ಲ. ಬ್ಯಾಡಗಿಯಲ್ಲಿ ಆಕೆಯದೊಂದು ಖಾರದ ಗಿರಣಿ ಇದೆ. ಹೆಸರು ಬಯಲಾದರೆ ನನ್ನ ಪಾಲಿನ ಮಸಾಲೆ ಖಾರ ಆ ದಿನದಿಂದಲೇ ಬಂದ್. ಖಾರವಿಲ್ಲದೆ ರೊಟ್ಟಿ ತಿಂದು ನಾನು ಎಂ.ಎ. ಮುಗಿಸಲಾರೆ. ಆಕೆಗೆ ಅರವತ್ತೊಂದು ವರ್ಷ. ಓದಿದ್ದು ನಾಲ್ಕನೇ ಇಯತ್ತೆ. ಕಣ್ಣಿಗೆ ದಪ್ಪ ಕನ್ನಡಕ, ಕನ್ನಡಕದ ಮೇಲೆ ಸದಾ ಕೆಂಪು ಪುಡಿ. ಜಗತ್ತನ್ನೆಲ್ಲ ಆಕೆ ಆ ಕೆಂಪು ಗಾಜಿನೊಳಗಿಂದಲೇ ನೋಡುತ್ತಾಳೆ. ಗಿರಣಿಗೆ ಬಂದವರು ಸೀನುತ್ತಾರೆ, ದಾರಿಯಲ್ಲಿ ಹೋಗುವವರೂ ಸೀನುತ್ತಾರೆ, ಆಕೆ ಮಾತ್ರ ಸೀನಿದ್ದನ್ನು ಕಂಡವರಿಲ್ಲ. ಆಕೆಯ ಗಂಡ, ಅಂದರೆ ನನ್ನ ಮಾಮಾ, ಮೋಟರು ಚಾಲೂ ಮಾಡುವುದು, ಬಂದ್ ಮಾಡುವುದು ಇವೆರಡೇ ಕೆಲಸಕ್ಕೆ ತನ್ನ ಬದುಕನ್ನು ಮುಡಿಪಾಗಿಟ್ಟವನು. ಮದುವೆಯಾದ ಮೇಲೆ ಆತ ಆಡಿದ ಮಾತುಗಳನ್ನೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದು, ವಿಳಾಸಕ್ಕೂ ಜಾಗ ಉಳಿಯುತ್ತದೆ.

ಇನ್ನು ನಾನು. ಹಾವೇರಿಯ ಒಂದು ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತೇನೆ. ನನ್ನೂರು ಕರ್ಜಗಿ. ಕರ್ಜಗಿಯಿಂದ ಹಾವೇರಿಗೆ ಬಸ್ಸಿದೆ, ರೈಲಿದೆ, ಕರೆದರೆ ಬೈಕಿನ ಮೇಲೆ ಕೂರಿಸಿಕೊಂಡು ಹೋಗುವವರಿದ್ದಾರೆ, ಅಂದಮೇಲೆ ಬ್ಯಾಡಗಿಯಲ್ಲೇನು ಕೆಲಸ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಕರ್ಜಗಿಯಲ್ಲಿ ನನ್ನ ಅಪ್ಪ ಇದ್ದಾನೆ, ಅದಕ್ಕೆ.

ಅಪ್ಪನ ಸಿಟ್ಟು ನಮ್ಮ ಊರಲ್ಲಿ ಹೆಸರುವಾಸಿ. ಆತ ಹೊಲದಲ್ಲಿ ಎತ್ತಿಗೆ ಬೈದರೆ ಪಕ್ಕದ ಹೊಲದ ಟ್ರ್ಯಾಕ್ಟರು ನಿಲ್ಲುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ನಾನು ಎಂ.ಎ.ಗೆ ಸೇರುತ್ತೇನೆ ಎಂದ ದಿನ ಆ ಸಿಟ್ಟು ನನ್ನ ಕಡೆ ತಿರುಗಿತು. "ಕನ್ನಡ ಮನ್ಯಾಗ ಮಾತಾಡಾಕ ಬರತೈತಿ. ಅದನ್ನ ಕಲಿಯಾಕ ಮತ್ತ ಎರಡು ವರ್ಷ ಯಾಕ?" ಎಂದ. ನಾನು ಉತ್ತರ ಕೊಟ್ಟೆ. ಉತ್ತರ ಕೊಡಬಾರದಿತ್ತು. ಕೊನೆಗೆ ಆತ, "ಅಷ್ಟು ಓದೂದ ಇದ್ರ ನನ್ನ ಕಣ್ಮುಂದ ನಿಂದ್ರಬ್ಯಾಡ" ಎಂದ. ನಾನು ಕಣ್ಮುಂದೆ ನಿಲ್ಲಲಿಲ್ಲ. ಚೀಲ ತುಂಬಿಕೊಂಡು ಆತನ ಅಕ್ಕನ ಮನೆಗೆ ಬಂದುಬಿಟ್ಟೆ. ಅಂದಿನಿಂದ ಅಪ್ಪನಿಗೂ ನನಗೂ ಮಾತಿಲ್ಲ. ಅಪ್ಪ ಹೊಲಕ್ಕೆ ಹೋದ ಮೇಲೆ ಅವ್ವ ಫೋನು ಮಾಡುತ್ತಾಳೆ, ಅಷ್ಟೇ. ಪ್ರತಿ ರವಿವಾರ ಬೆಳಿಗ್ಗೆ ಅತ್ತೆ ಚಹಾದ ಜೊತೆಗೆ ಒಂದೇ ಮಾತು ಕೊಡುತ್ತಾಳೆ: "ಒಮ್ಮಿ ಊರಿಗೆ ಹೋಗಿ ಬಾ." ನಾನು ಚಹಾ ಕುಡಿಯುತ್ತೇನೆ, ಮಾತು ಅಲ್ಲೇ ಬಿಡುತ್ತೇನೆ. ಪಠ್ಯಕ್ರಮದಲ್ಲಿ 'ಪ್ರತಿನಾಯಕ' ಎಂಬ ಪಾಠ ಬರುವ ಮೊದಲೇ ನನಗೆ ಮನೆಯಲ್ಲೇ ಒಬ್ಬ ಸಿಕ್ಕಿದ್ದ.

ಆ ಪಾಠವೂ ಬಂತು. ಸೆಮಿನಾರಿಗೆ ನನ್ನ ಪಾಲಿಗೆ ಬಂದ ವಿಷಯ 'ಪ್ರಾಚೀನ ಕಾವ್ಯಗಳಲ್ಲಿ ನಾಯಕ ಮತ್ತು ಪ್ರತಿನಾಯಕ: ಒಂದು ಅವಲೋಕನ'. ಸಂಜೆ ಗಿರಣಿ ಬಂದ್ ಆದ ಮೇಲೆ ಅತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಹಳಗನ್ನಡ ಪದ್ಯ ಬಿಡಿಸುತ್ತ ಕೂರುತ್ತಿದ್ದೆ. ಯಾರ ಕಣ್ಣಲ್ಲಿ ಹೆಚ್ಚು ನೀರು ಬರುತ್ತಿತ್ತು ಎಂಬುದನ್ನು ನಾನು ಹೇಳಬೇಕಿಲ್ಲ. ಗಟ್ಟಿಯಾಗಿ ಓದಿ ಅರ್ಥ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆಂದು ಆಕೆಗೇ ಅರ್ಥ ಹೇಳತೊಡಗಿದೆ. ಅದು ನನ್ನ ಮೊದಲ ತಪ್ಪು.

ಒಂದು ಸಂಜೆ ಭಯಂಕರ ಯುದ್ಧ ನಡೆದಿತ್ತು. ಬಾಣಗಳು ಆಕಾಶ ಮುಚ್ಚಿದ್ದವು. ರಕ್ತದ ಹೊಳೆಯಲ್ಲಿ ಆನೆಗಳು ತೇಲುತ್ತಿದ್ದವು. ಅತ್ತೆ ನಡುವೆ ಬಾಯಿ ಹಾಕಿದಳು.

"ಅಂವ ಉಂಡ್ನೇನ?"

"ಯಾರು?"

"ಅವನ, ನಿನ್ನ ರಾಕ್ಷಸ. ಮುಂಜಾನಿಂದ ಯುದ್ಧ ಮಾಡಾಕತ್ತಾನ. ಉಂಡ್ನೋ ಇಲ್ಲೋ?"

ಪುಟ ತಿರುವಿ ನೋಡಿದೆ. ನಾಯಕ ಹಿಂದಿನ ರಾತ್ರಿ ಉಂಡಿದ್ದ. ಹನ್ನೆರಡು ಪದ್ಯಗಳ ತುಂಬ ಉಂಡಿದ್ದ. ಪಾಯಸ, ಹೋಳಿಗೆ, ಏಳು ಬಗೆಯ ಪಲ್ಯ, ಕಾಸಿದ ತುಪ್ಪ, ಮೇಲೆ ಕರ್ಪೂರದ ವೀಳ್ಯ. ಪ್ರತಿನಾಯಕನಿಗೆ ಇಡೀ ಕಾವ್ಯದಲ್ಲಿ ಒಂದು ತಂಬಿಗೆ ನೀರು ಕೊಟ್ಟ ದಾಖಲೆಯೂ ಇಲ್ಲ.

"ಉಂಡಿಲ್ಲ ಅತ್ತಿ."

"ಮತ್ತ? ಹಸದಾಂವ ಸಿಟ್ಟಿಗೇಳದ ಏನ ಮಾಡ್ತಾನ? ನಿಮ್ಮ ಮಾಮಾಗ ಮಧ್ಯಾಹ್ನ ಎರಡರ ತನಕಾ ರೊಟ್ಟಿ ಕೊಡಬ್ಯಾಡ. ಆಮ್ಯಾಲ ನೋಡು ರಾಕ್ಷಸ ಯಾರು ಅಂತ."

ಒಳಗೆ ಮಾಮಾ ಕೆಮ್ಮಿದ. ಅದನ್ನು ಒಪ್ಪಿಗೆ ಎಂದು ತಿಳಿಯುವುದು ಆ ಮನೆಯ ಪದ್ಧತಿ.

ಇನ್ನೊಂದು ಸಂಜೆ ನಾಯಕನ ಲಕ್ಷಣಗಳನ್ನು ಹೇಳಿದೆ: ಧೀರ, ಉದಾತ್ತ, ಗಂಭೀರ, ತ್ಯಾಗಿ. ಅತ್ತೆ ತಲೆ ಅಲ್ಲಾಡಿಸಿದಳು. ನಾಯಕ ಎಂಥವನು ಎಂಬುದು ಗಿರಣಿ ನಡೆಸುವವರಿಗೆ ತಿಳಿದಷ್ಟು ವಿದ್ವಾಂಸರಿಗೆ ತಿಳಿಯುವುದಿಲ್ಲವಂತೆ. ಡಬ್ಬಿಗಳನ್ನು ಸಾಲಾಗಿ ಇಟ್ಟು ಹೆಂಗಸರು ಪಾಳಿ ಕಾಯುತ್ತಿರುತ್ತಾರೆ. ಆಗ ಒಬ್ಬ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ನಗುತ್ತ ಎಲ್ಲರಿಗೂ ಕೈಮುಗಿದು, ತನ್ನ ಡಬ್ಬಿಯನ್ನು ಮುಂದಿಡುತ್ತಾನೆ. "ಅಂವ ನಾಯಕ. ಪಾಳಿ ಬಿಟ್ಟು ಬಂದು, ಪಾಳ್ಯಾಗ ನಿಂತವರ ಕಡಿಂದಾನ ನಮಸ್ಕಾರ ಹೊಡಿಸ್ಕೋತಾನ. ಹಿಂದಿಂದ ಒಬ್ಬಾಕಿ 'ಯಾಕ, ನಾವೇನು ಮನಶ್ಯಾರಲ್ಲೇನ' ಅಂತ ಒದರ್ತಾಳ ನೋಡು, ಎಲ್ಲಾರೂ ಅಕೀನ ಕೆಟ್ಟಾಕಿ ಅಂತಾರ."

ನಾನು ನಕ್ಕೆ. ಆಮೇಲೆ ನಗು ನಿಲ್ಲಿಸಿ ಟಿಪ್ಪಣಿ ಪುಸ್ತಕ ತೆಗೆದೆ. ಹಳೆಯ ಕಾವ್ಯಗಳ ಅರ್ಧ ಜಗಳಗಳು ಪಾಳಿಯವೇ ಅಲ್ಲವೇ? ಸಿಂಹಾಸನದ ಪಾಳಿ ತಪ್ಪಿದವನು, ಸ್ವಯಂವರದಲ್ಲಿ ಹಿಂದಿನ ಸಾಲಿನಲ್ಲಿ ಕೂತವನು, ಹಂಚುವಾಗ ಕೊನೆಗೆ ನೆನಪಾದವನು. ನಾನು ಇಪ್ಪತ್ತು ಪುಸ್ತಕ ಓದಿ ಕಾಣದ್ದನ್ನು ಈಕೆ ಮೆಣಸಿನಕಾಯಿ ಬಿಡಿಸುತ್ತ ಕಂಡಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ?

ಪುಸ್ತಕದ ಮಾತು ಪುಸ್ತಕದಲ್ಲೇ ಇದ್ದರೆ ಚಿಂತೆಯಿರಲಿಲ್ಲ. ಅದು ರಾಣೇಬೆನ್ನೂರಿನವರೆಗೂ ಹೋಯಿತು. ಬೇಸಿಗೆಯಲ್ಲಿ ಅಪ್ಪ ನನಗೊಂದು ಸಂಬಂಧ ಹುಡುಕಿದ. ಮಗಳೊಡನೆ ಮಾತಿಲ್ಲದಿದ್ದರೇನು, ಮದುವೆ ಮಾಡಲು ಮಾತೇಕೆ ಬೇಕು? ಹುಡುಗನದು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. "ಅಕ್ಕಾ, ನೀ ಒಮ್ಮಿ ಹೋಗಿ ಹುಡುಗನ ಗುಣಾ ವಿಚಾರಿಸ್ಕೊಂಡು ಬಾ" ಎಂದು ಅತ್ತೆಗೆ ಫೋನು ಬಂತು. ಅತ್ತೆ ಹೊರಟಳು. ಹುಡುಗನ ಕಣ್ಣಿಗೆ ಬೀಳಬಾರದೆಂಬ ಷರತ್ತಿನ ಮೇಲೆ ನನ್ನನ್ನೂ ಕರೆದುಕೊಂಡಳು.

ವಿಚಾರಣೆ ಎಂದರೆ ಜನ ಏನು ಕೇಳುತ್ತಾರೆ? ಹುಡುಗ ಒಳ್ಳೆಯವನೇ, ಚಟ ಇದೆಯೇ, ದುಡಿಯುತ್ತಾನೆಯೇ. ನಮ್ಮ ಅತ್ತೆ ಅಂಗಡಿಯ ಎದುರಿನ ಟೇಲರ್ ಚಾಚಾನ ಹತ್ತಿರ ಹೋಗಿ, "ಆ ಬೀಜದಂಗಡಿ ಹುಡುಗನ ಒಂದು ಕೆಟ್ಟ ಗುಣಾ ಹೇಳ್ರಿ" ಎಂದಳು.

ಚಾಚಾ ಗಾಬರಿಯಿಂದ ಸೂಜಿ ಕೆಳಗಿಟ್ಟ. "ತೋಬಾ ತೋಬಾ. ಹುಡುಗ ಬಂಗಾರ ಅದಾನ್ರಿ ಅವ್ವಾರ. ಗುಟ್ಕಾ ಇಲ್ಲ, ಸಿಗರೇಟ ಇಲ್ಲ."

"ಸಿಟ್ಟು?"

"ಇಲ್ರಿ."

"ಹಟಾ?"

"ಎಲ್ಲೀದ್ರಿ."

"ಸಾರಿಗೆ ಉಪ್ಪು ಕಡಿಮಿ ಬಿದ್ರ?"

"ಹಂಗ ಸುಮ್ಮನ ಉಣ್ತಾನಂತ್ರಿ. ಖರೇ ಹೇಳ್ತೇನಿ."

ಅತ್ತೆ ಕೆಟ್ಟ ಸುದ್ದಿ ಕೇಳಿದವಳಂತೆ ನಿಟ್ಟುಸಿರು ಬಿಟ್ಟಳು. ಆದರೂ ಆಸೆ ಬಿಡಲಿಲ್ಲ. ಚಹಾದಂಗಡಿಯವನನ್ನು ಕೇಳಿದಳು, ಗೊಬ್ಬರದ ಅಂಗಡಿಯವನನ್ನು ಕೇಳಿದಳು, ಬಾಳೆಹಣ್ಣಿನ ಬಂಡಿಯವಳನ್ನು ಕೇಳಿದಳು. ಒಬ್ಬರಾದರೂ ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ತಮ್ಮನಿಗೆ ಫೋನು ಹಚ್ಚಿ, ಅಲ್ಲಿದ್ದ ಎಲ್ಲ ಪ್ರಯಾಣಿಕರಿಗೂ ಕೇಳುವಂತೆ ವರದಿ ಕೊಟ್ಟಳು: "ಹುಡುಗ ಬಾಳ ಒಳ್ಳೆಯವ ಅದಾನ. ಬ್ಯಾಡ."

ಅತ್ತ ಕಡೆಯ ಗುಡುಗು ಎರಡು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು. "ಮತ್ತ ಕೆಟ್ಟಾಂವನ್ನ ಹುಡುಕಲೇನು?"

"ಹುಡುಕು. ನಿನ್ನಷ್ಟ ಕೆಟ್ಟಾಂವ ಸಿಕ್ರ ಸಾಕು. ಹುಡುಗಿ ಸುಖದಾಗ ಇರ್ತಾಳ."

ಗುಡುಗು ನಿಂತಿತು. ಅತ್ತೆ ಫೋನು ಚೀಲಕ್ಕೆ ಹಾಕಿ ನನಗೆ ಹೇಳಿದಳು, "ಒಂದೂ ಕೆಟ್ಟ ಗುಣಾ ಇಲ್ಲ ಅಂದ್ರ, ಅವನ ಹತ್ತರ ಇನ್ನೂ ಯಾರೂ ಹೋಗಿಲ್ಲ ಅಂತ ತಿಳಿ." ಮದುವೆ ತಪ್ಪಿದ ಸಂತೋಷದಲ್ಲಿ ನಾನು ಸಕಲ ಕಾಲದ ಸಕಲ ಖಳನಾಯಕರಿಗೂ ಮನಸ್ಸಿನಲ್ಲೇ ಕೈಮುಗಿದೆ. ಅಪ್ಪನೊಬ್ಬನನ್ನು ಬಿಟ್ಟು.

ಸೆಮಿನಾರಿನ ದಿನ ಬಂತು. ನಾನು ಅತ್ತೆಯ ವಿಚಾರಗಳಿಗೆಲ್ಲ ಗ್ರಾಂಥಿಕ ಭಾಷೆಯ ಇಸ್ತ್ರಿ ಹಾಕಿ ಪ್ರಬಂಧ ಓದಿದೆ. 'ಪ್ರತಿನಾಯಕನ ಹಸಿವು', 'ಸರದಿಯ ಉಲ್ಲಂಘನೆ ಮತ್ತು ನಾಯಕತ್ವ', ಹೀಗೆ. ಮೂರನೆಯದೊಂದು ಮಾತ್ರ ನನ್ನ ಸ್ವಂತದ್ದು. ನಾಯಕ ಹುಟ್ಟಿದರೆ ಕವಿಗಳು ಹತ್ತಾರು ಪದ್ಯ ಬರೆಯುತ್ತಾರೆ. ಹೂಮಳೆ ಸುರಿಯುತ್ತದೆ, ದುಂದುಭಿ ಮೊಳಗುತ್ತದೆ. ಪ್ರತಿನಾಯಕ ಹುಟ್ಟಿದ್ದೇ ಗೊತ್ತಾಗುವುದಿಲ್ಲ. ಅವನು ಕಾವ್ಯಕ್ಕೆ ಬರುವಾಗಲೇ ಮೀಸೆ ಬಂದಿರುತ್ತದೆ. ಬಹಳವಾದರೆ ಅರ್ಧ ಪದ್ಯ: ಅವನು ಹುಟ್ಟಿದ ದಿನ ನರಿಗಳು ಊಳಿಟ್ಟವು.

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಪ್ರಬಂಧವಲ್ಲ, ವಕಾಲತ್ತು. ಇರಲಿ. ಈ ಹಸಿವಿನ ವಿಚಾರಕ್ಕೆ ಆಕರ ಯಾವುದಮ್ಮ?"

ನಾನು ಸುಳ್ಳು ಹೇಳಬಹುದಿತ್ತು. ಆದರೆ ಬಾಯಿಗೆ ನಿಜವೇ ಬಂತು. "ಖಾರದ ಗಿರಣಿ, ಬ್ಯಾಡಗಿ, ಸರ್."

ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರಾಧ್ಯಾಪಕರು ನಗಲಿಲ್ಲ. ಹತ್ತರಲ್ಲಿ ಏಳು ಅಂಕ ಕೊಟ್ಟರು. ತರಗತಿ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ನಿಮ್ಮ ಆಕರದಿಂದ ಒಂದು ಕಿಲೋ ತರಿಸಿಕೊಡಲು ಸಾಧ್ಯವೇ?" ಎಂದು ಕೇಳಿದರು.

ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅದು ನನ್ನ ಎರಡನೆಯ ತಪ್ಪು. ಆಕೆ ಏಳು ಅಂಕದ ಬಗ್ಗೆ ಏನೂ ಅನ್ನಲಿಲ್ಲ. ಒಂದು ಕಿಲೋ ಖಾರ ಕಟ್ಟಿಟ್ಟಳು. ಆಮೇಲೆ, "ಆ ರಾಕ್ಷಸ ಹುಟ್ಟಿದ್ದರ ಬಗ್ಗೆ ಒಂದು ಪದ್ಯಾನೂ ಇಲ್ಲೇನ?" ಎಂದಳು.

"ಅರ್ಧ ಐತಿ. ನರಿ ಒದರಿದ್ವು ಅಂತ."

"ನರಿ ದಿನಾ ಒದರತಾವ" ಎಂದಳು ಅತ್ತೆ. ಆ ಸಂಜೆ ಮತ್ತೆ ಆಕೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮಾಮಾಗಳಿದ್ದಂತಾಯಿತು.

ಶ್ರಾವಣ ಬಂತು. ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಒಂದು ತಿಂಗಳು ಪುರಾಣ ಹಚ್ಚುತ್ತಾರೆ. ದಿನಾ ಸಂಜೆ ಶಾಸ್ತ್ರಿಗಳು ಕಥೆ ಹೇಳುತ್ತಾರೆ, ಗವಾಯಿಗಳು ಹಾರ್ಮೋನಿಯಂ ಬಾರಿಸುತ್ತಾರೆ, ಕೊನೆಗೆ ಎಲ್ಲರಿಗೂ ಅನ್ನ ಸಾರಿನ ಪ್ರಸಾದ. ಈ ಸಲದ ಶಾಸ್ತ್ರಿಗಳು ದೇವರಗುಡ್ಡದ ಕಡೆಯವರು, ವಯಸ್ಸಾದವರು, ಕಂಚಿನ ಕಂಠ. ಕಥೆ ಒಬ್ಬ ಶರಣರದು, ಅವರನ್ನು ಕಾಡಿ ಕೊನೆಗೆ ಮಣ್ಣುಪಾಲಾಗುವ ಒಬ್ಬ ದುಷ್ಟ ದೊರೆಯದು.

ನಮ್ಮಲ್ಲಿ ಪುರಾಣವನ್ನು ಕೇಳಿ ಎದ್ದು ಬರುವುದಿಲ್ಲ, ನಡೆಸಿಯೇ ಬಿಡುತ್ತಾರೆ. ಕಥೆಯಲ್ಲಿ ಮದುವೆ ಬಂದರೆ ಮಠದಲ್ಲಿ ಮದುವೆ, ಎಲ್ಲರ ತಲೆಯ ಮೇಲೂ ಅಕ್ಕಿಕಾಳು. ಶರಣರು ಹುಟ್ಟಿದರೋ, ಮಠದಲ್ಲಿ ತೊಟ್ಟಿಲು. ಹೆಂಗಸರು ಹೊಸ ಸೀರೆ ಉಟ್ಟು, ತೊಟ್ಟಿಲಿಗೆ ಬಂದವರಿಗೆ ಹಂಚಲು ಕಾಳಿನ ಗುಗ್ಗರಿ ಕುದಿಸಿಕೊಂಡು ಬರುತ್ತಾರೆ. ತಮ್ಮ ಕೂಸನ್ನೇ ಶರಣರನ್ನಾಗಿ ಮಲಗಿಸಬೇಕೆಂದು ತಾಯಂದಿರಲ್ಲಿ ಪೈಪೋಟಿ. ಈ ಸಲ ಏಳು ಕೂಸುಗಳು ಪಾಳಿ ಹಚ್ಚಿದ್ದವು. ನಾಲ್ಕನೆಯ ಶರಣರು ಶಾಸ್ತ್ರಿಗಳ ಶಾಲು ತೋಯಿಸಿದರು. ಹೆಸರಿಡುವಾಗ ಸೋದರತ್ತೆಯಾದವಳು ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಸದ್ದು ಮಾಡಿ ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇದು ಪದ್ಧತಿ. ವರ್ಷದ ಹಳೇ ಬಾಕಿಯನ್ನೆಲ್ಲ ಆ ಗುದ್ದಿನಲ್ಲೇ ತೀರಿಸಿಕೊಳ್ಳುವವರೂ ಇದ್ದಾರೆ.

ಶರಣರ ತೊಟ್ಟಿಲು ಮುಗಿದ ಮರುದಿನ ಅತ್ತೆ ಶಾಸ್ತ್ರಿಗಳ ಮುಂದೆ ಹೋಗಿ ನಿಂತಳು. ನಾನೂ ಜೊತೆಯಲ್ಲಿದ್ದೆ.

"ಯಪ್ಪಾ, ದೊರಿ ಯಾವಾಗ ಹುಟ್ಟತಾನ್ರಿ?"

"ಯಾವ ದೊರಿ ತಾಯಿ?"

"ಆ ಕೆಟ್ಟ ದೊರಿ."

"ಅಂವ ಶನಿವಾರದ ಅಧ್ಯಾಯದಾಗ ಬರ್ತಾನ. ಯಾಕ?"

"ಅವಂಗೂ ತೊಟ್ಟಿಲಾ ಕಟ್ಟೂಣ್ರಿ."

ಶಾಸ್ತ್ರಿಗಳು ನಕ್ಕರು. ಆಕೆ ನಗಲಿಲ್ಲವೆಂದು ತಿಳಿದ ಮೇಲೆ ನಗು ನಿಲ್ಲಿಸಿದರು. "ಗ್ರಂಥದಾಗ ಇಲ್ಲ ತಾಯಿ."

"ಗ್ರಂಥದಾಗ ನಿನ್ನೆ ಶರಣರು ನಿಮ್ಮ ಶಾಲು ತೋಯಿಸಿದ್ದು ಐತೇನ್ರಿ?"

"ಅಲ್ಲವಾ, ಅಂವ ಪಾಪಿ."

"ಪಾಪ ಮಾಡಿದ್ದು ಯಾವಾಗ್ರೀ?"

"ದೊಡ್ಡಾಂವ ಆದ ಮ್ಯಾಲ."

"ತೊಟ್ಟಿಲದಾಗ ಮಲಗೋದು ದೊಡ್ಡಾಂವೇನ್ರಿ?"

ಶಾಸ್ತ್ರಿಗಳು ಐವತ್ತು ವರ್ಷ ಪುರಾಣ ಹೇಳಿದವರು, ಇಂಥ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಜನ ಏನಂತಾರೆ, ಮಠದ ಹಿರಿಯರು ಏನಂತಾರೆ ಎಂದೆಲ್ಲ ಹೇಳಿದರು. ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. ಆಮೇಲೆ, ತಿಂಗಳಿಡೀ ಪ್ರಸಾದದ ಸಾರಿಗೆ ಖಾರ ತನ್ನ ಗಿರಣಿಯಿಂದಲೇ ಬರುತ್ತದೆಂಬುದನ್ನು ನೆನಪಿಸಿ, "ನ್ಯಾಯ ಇಲ್ಲದ ಕಡೆ ನನ್ನ ಖಾರ ಬ್ಯಾಡ್ರಿ. ನಾಳಿಯಿಂದ ಸಾರಿಗೆ ಬರೇ ಅರಿಷಿಣ ಹಾಕ್ಕೋರಿ" ಎಂದಳು. ಖಳನಾಯಕಿಯರ ಲಕ್ಷಣವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆಗಲೇ.

ಶನಿವಾರ ಪುರಾಣಕ್ಕೆ ಮೊದಲು, ಸಂಜೆ ಐದಕ್ಕೆ, ಮೈಕು ಹಚ್ಚದೆ, ಲಗೂ ಮುಗಿಸಬೇಕು ಎಂಬ ಷರತ್ತಿನ ಮೇಲೆ ದುಷ್ಟ ದೊರೆಯ ತೊಟ್ಟಿಲು ನಿಶ್ಚಯವಾಯಿತು.

ಸುದ್ದಿ ಬ್ಯಾಡಗಿಯ ಪೇಟೆಯೆಲ್ಲ ಸುತ್ತಿ, ಮೋಟೆಬೆನ್ನೂರಿಗೂ ಹೋಗಿ ಬಂತು. ಅತ್ತೆಗೆ ತಲೆ ಸರಿಯಿಲ್ಲ ಎಂದರು. ಎಂ.ಎ. ಓದುವ ಹುಡುಗಿ ಆಕೆಯ ತಲೆ ಕೆಡಿಸಿದ್ದಾಳೆ ಎಂದರು. ನನಗಂತೂ ತಲೆ ಎತ್ತಿ ಓಣಿಯಲ್ಲಿ ನಡೆಯಲಾಗಲಿಲ್ಲ. "ಬಿಟ್ಟಬಿಡು ಅತ್ತಿ, ಅದು ಕಥಿ" ಎಂದು ಶುಕ್ರವಾರ ಬೇಡಿಕೊಂಡೆ. "ಕಥ್ಯಾಗರ ಆಗ್ಲಿ" ಎಂದಳು. ಅದಕ್ಕೆ ಏನು ಅರ್ಥವೋ ನನಗೆ ತಿಳಿಯಲಿಲ್ಲ. ಆಕೆ ಅಂದು ರಾತ್ರಿ ಊಟ ಮಾಡಲಿಲ್ಲವೆಂದು ಮಾತ್ರ ತಿಳಿಯಿತು. ಎಲ್ಲಿ ಶಾಸ್ತ್ರಿಗಳು ಮನಸ್ಸು ಬದಲಿಸುತ್ತಾರೋ ಎಂದು ಆಕೆ ನಿಜವಾಗಿ ಹೆದರಿದ್ದಳು. ಅತ್ತೆ ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಶನಿವಾರ ಮಠ ಕಿಕ್ಕಿರಿದಿತ್ತು. ಹರಸಲು ಬಂದವರಲ್ಲ, ನೋಡಲು ಬಂದವರು. ತೊಟ್ಟಿಲು ಕಟ್ಟಿತ್ತು, ಹೂವೂ ಇತ್ತು, ಅತ್ತೆ ಕುದಿಸಿ ತಂದ ಗುಗ್ಗರಿಯೂ ಇತ್ತು. ಕೂಸು ಇರಲಿಲ್ಲ. ಏಳು ಶರಣರ ತಾಯಂದಿರೂ ತಮ್ಮ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿ ಹಿಂದೆ ಸರಿದಿದ್ದರು. ದುಷ್ಟ ದೊರೆಯಾಗಲು ಯಾರು ತಮ್ಮ ಮಗುವನ್ನು ಕೊಟ್ಟಾರು?

ಅತ್ತೆಗೆ ಇದು ಗೊತ್ತಿತ್ತು. ಚೀಲದಿಂದ ಗುಂಡುಕಲ್ಲು ತೆಗೆದಳು. ನಮ್ಮ ಕಡೆ ತೊಟ್ಟಿಲಿಗೆ ಕೂಸನ್ನು ಹಾಕುವ ಮೊದಲು ಅರೆಯುವ ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಅತ್ತೆಯ ಗುಂಡುಕಲ್ಲಿಗೆ, ಕೂಸಿನ ತಲೆಗೆ ಹಾಕುವಂಥ ಹೊಸ ಕುಂಚಿಗೆ ಹೊಲಿದು ತೊಡಿಸಿತ್ತು, ಹಣೆಗೆ ಕಾಡಿಗೆಯ ಬೊಟ್ಟು. ಆಕೆ ಅದನ್ನು ಎರಡೂ ಕೈಯಲ್ಲಿ, ಕುತ್ತಿಗೆಗೆ ಆಸರೆ ಕೊಟ್ಟು ಎತ್ತಿ ಮಲಗಿಸಿದಳು. ಹಗ್ಗ ಕಿರ್ ಎಂದಿತು. ಖಾರ ಅರೆದ ಕಲ್ಲು, ಘಾಟು ಎಲ್ಲಿಗೆ ಹೋದೀತು? ತೊಟ್ಟಿಲು ಒಮ್ಮೆ ತೂಗಿದ್ದೇ ತಡ, ಮುಂದಿನ ಸಾಲಿನವರೆಲ್ಲ ಸೀನಿದರು. ಶಾಸ್ತ್ರಿಗಳೂ ಸೀನಿದರು. ಜನರಲ್ಲಿ ನಗು ಹಬ್ಬಿತು. ದುಷ್ಟ ದೊರೆ ಹುಟ್ಟಿದ ಗಳಿಗೆಯಿಂದಲೇ ಪ್ರಜೆಗಳನ್ನು ಪೀಡಿಸತೊಡಗಿದ್ದ.

ಜೋಗುಳ ಹಾಡಿ ಎಂದರೆ ಯಾರೂ ಬಾಯಿ ತೆರೆಯಲಿಲ್ಲ. ಅತ್ತೆಯೇ ಹಾಡಿದಳು. ಯಾವ ಪುಸ್ತಕದ್ದೂ ಅಲ್ಲ, ಆಕೆಯೇ ಕಟ್ಟಿದ್ದು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಒಡೆದ ದನಿ.

ಹುಟ್ಟೀದ ಕೂಸಿಗೆ ಕೆಟ್ಟಂವ ಅನಬ್ಯಾಡ್ರಿ
ಹಲ್ಲಿಲ್ಲ ಬಾಯಾಗ, ಮಾತಿಲ್ಲ, ಹಸಿವೊಂದ
ಕಲಿತಾನ ಬಂದು ಜಗದಾಗ

ನಗು ನಿಂತಿತು. ಶಾಸ್ತ್ರಿಗಳು ಗ್ರಂಥ ತೆರೆದು ದೊರೆಯ ಹೆಸರನ್ನು ಎರಡು ಸಲ ಹೇಳಿಕೊಟ್ಟರು, ನಾಲಿಗೆ ಹೊರಳದ ಉದ್ದನೆಯ ಹೆಸರು. "ಸೋದರತ್ತಿ ಯಾರು?" ಎಂದು ಕೇಳಿದರು. "ನಾನ ಅದೇನಲ್ರಿ" ಎಂದು ಅತ್ತೆ ಸೊಂಟ ಬಗ್ಗಿಸಿ ಕಲ್ಲಿನ ಮೇಲೆ ಬಾಗಿದಳು. ತೊಟ್ಟಿಲಿನ ಹಗ್ಗ ಹಿಡಿದು ಪಕ್ಕದಲ್ಲಿದ್ದವಳು ನಾನೊಬ್ಬಳೇ.

"ಕುರ್ರ್" ಎಂದು ಅತ್ತೆ ಹೆಸರು ಹೇಳಿದಳು. ಶಾಸ್ತ್ರಿಗಳು ಹೇಳಿಕೊಟ್ಟ ಹೆಸರಲ್ಲ. ಮೂರಕ್ಷರದ ಹೆಸರು. ಒಂದನೇ ಇಯತ್ತೆಯಿಂದ ಎಂ.ಎ.ವರೆಗೆ ಪ್ರತಿಯೊಂದು ಅರ್ಜಿಯಲ್ಲೂ 'ತಂದೆಯ ಹೆಸರು' ಎಂಬಲ್ಲಿ ನಾನು ತುಂಬುತ್ತ ಬಂದ ಹೆಸರು.

ಅಪ್ಪ ಹುಟ್ಟಿದ ದಿನವೇ ಅಜ್ಜಿ ತೀರಿಕೊಂಡಳೆಂದು ನನಗೆ ಗೊತ್ತಿತ್ತು. ಊರವರು 'ತಾಯಿನ್ನ ನುಂಗಿದ ಕೂಸು' ಅನ್ನುತ್ತಿದ್ದರಂತೆ, ಅದೂ ಗೊತ್ತಿತ್ತು. ಆ ಕೂಸಿಗೆ ತೊಟ್ಟಿಲು ಕಟ್ಟಿದ್ದರೋ ಇಲ್ಲವೋ ಎಂದು ಎಂದೂ ಕೇಳಿರಲಿಲ್ಲ. ಅದರ ಕಿವಿಯಲ್ಲಿ ಯಾರಾದರೂ ಹೆಸರು ಹೇಳಿದ್ದರೋ ಎಂದೂ ಕೇಳಿರಲಿಲ್ಲ. ಇಪ್ಪತ್ತು ಕಾವ್ಯಗಳಲ್ಲಿ ಪ್ರತಿನಾಯಕನ ಜನನ ಹುಡುಕಿ ಹತ್ತಕ್ಕೆ ಏಳು ಅಂಕ ತೆಗೆದುಕೊಂಡವಳು ನಾನು.

ಅತ್ತೆ ಎರಡನೆಯ ಸಲ ಹೆಸರು ಹೇಳಿದಳು. ಆಕೆಯ ಬೆನ್ನು ಬಾಗಿಯೇ ಇತ್ತು. ಗುದ್ದಲು ಒಬ್ಬ ಹೆಂಗಸೂ ಮುಂದೆ ಬರಲಿಲ್ಲ. ಬೆನ್ನು ಕಾಯುತ್ತಿತ್ತು. ನಾನು ಹಗ್ಗ ಬಿಟ್ಟು ಒಂದು ಗುದ್ದು ಕೊಟ್ಟೆ, ಮೆಲ್ಲಗೆ.

ಆಕೆ ತಲೆ ಎತ್ತಲಿಲ್ಲ. "ಜೋರಾಗಿ ಗುದ್ದು" ಎಂದಳು. "ಐವತ್ತೆರಡು ವರ್ಷ ತಡಾ ಆಗೈತಿ."

ನಾನು ಗುದ್ದಿದೆ. ಅಳುತ್ತ ಗುದ್ದಿದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಿಂದಿನಿಂದ ಯಾರೋ ಒಬ್ಬಳು ಬಂದು ಗುದ್ದಿದಳು, ಮತ್ತೊಬ್ಬಳು ಬಂದಳು. ಅವರಿಗೆ ಏನೂ ಗೊತ್ತಿರಲಿಲ್ಲ. ಜೋಗುಳ ಕೇಳಿದ ಮೇಲೆ ಸುಮ್ಮನೆ ನಿಲ್ಲಲಾಗಲಿಲ್ಲ, ಅಷ್ಟೇ.

ಮರುದಿನ ರವಿವಾರ. ಅತ್ತೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಉಳಿದ ಗುಗ್ಗರಿಯನ್ನು ನಾನೇ ಡಬ್ಬಿಗೆ ತುಂಬಿಕೊಂಡು ಕರ್ಜಗಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತು ಬೆಳೆಗೆ ಔಷಧಿ ಹೊಡೆಯುವ ಪಂಪು ಬಿಚ್ಚಿ ತೊಳೆಯುತ್ತಿದ್ದ. ನನ್ನನ್ನು ನೋಡಿದ, ಪಂಪನ್ನು ನೋಡಿದ. ನಾನು ಹೋಗಿ ಆತನ ಕಣ್ಮುಂದೆಯೇ ನಿಂತು ಡಬ್ಬಿ ಚಾಚಿದೆ.

"ಏನದು?" ಎಂದ.

"ಗುಗ್ಗರಿ. ನಿನ್ನೆ ತೊಟ್ಟಿಲಾ ಇತ್ತು."

"ಯಾರ ಕೂಸಿಂದು?"

"ಅತ್ತಿ ಕೂಸಿಂದು."

"ಅರವತ್ತೊಂದು ವಯಸ್ಸಿನಾಗ ಅಕ್ಕಗ..." ಎಂದು ಗುಡುಗಲು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. ನನ್ನ ಮುಖ ನೋಡಿದ. "ಹೆಸರು ಏನಿಟ್ರಿ?"

ನಾನು ಹೇಳಿದೆ.

ಅಪ್ಪ ಒದ್ದೆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. "ಅಕ್ಕ ಅವತ್ತ ಒಂಬತ್ತು ವರ್ಷದಾಕಿ ಇದ್ಳು" ಎಂದ. ಆಮೇಲೆ ಬೊಗಸೆಯೊಡ್ಡಿ ಗುಗ್ಗರಿ ಹಾಕಿಸಿಕೊಂಡು, ನನ್ನ ಎದುರಿಗೇ ಕೂತು, ಒಂದೊಂದೇ ಕಾಳು ತಿಂದ.